ಮಗುವಿನ ಹೆಸರು ಯಾರದ್ದು? ಆನಾ ಟೊರೆಂಟ್ ಅವರ 50 ವರ್ಷ ಮತ್ತು ಗೋಯಾದ ವಯಸ್ಸಿನ ನಿಯಮ

2024ರ ಫೆಬ್ರವರಿ 10ರ ರಾತ್ರಿ. ಸ್ಪೇನ್‌ನ ವಯ್ಯದೊಲಿದ್ ನಗರದಲ್ಲಿ ಗೋಯಾ ಪ್ರಶಸ್ತಿ ಸಮಾರಂಭ. ಸ್ಪೇನ್ ಸಿನಿಮಾದವರಿಗೆ ಇದು ವರ್ಷದ ದೊಡ್ಡ ಹಬ್ಬ. ಪೋಷಕ ನಟಿ ವಿಭಾಗದಲ್ಲಿ ಸ್ಪರ್ಧೆಯಲ್ಲಿದ್ದವರಲ್ಲಿ ಆನಾ ಟೊರೆಂಟ್ ಕೂಡ ಒಬ್ಬರು. ಆಗ ಅವರಿಗೆ 57 ವರ್ಷ. ಆರನೇ ವಯಸ್ಸಿನಲ್ಲಿ ಕ್ಯಾಮೆರಾ ಮುಂದೆ ನಿಂತವರು. ಐವತ್ತು ವರ್ಷ ಕಳೆದರೂ ಒಂದು ಗೋಯಾ ಕೈಗೆ ಬಂದಿರಲಿಲ್ಲ. ಆ ರಾತ್ರಿಯೂ ಬರಲಿಲ್ಲ.

ಪ್ರಶಸ್ತಿ ಹೋಗಿದ್ದು ಆನೆ ಗಬರೈನ್ ಎಂಬ ನಟಿಗೆ. 'ಇಪ್ಪತ್ತು ಸಾವಿರ ಜಾತಿಯ ಜೇನುನೊಣಗಳು' ಎಂಬ ಅರ್ಥ ಬರುವ ಹೆಸರಿನ ಸಿನಿಮಾದಲ್ಲಿ ಅವರು ಜೇನು ಸಾಕುವ ಹಿರಿಯ ಹೆಂಗಸು. ಆ ಪಾತ್ರದಲ್ಲಿ ಮನಸ್ಸಿಗೆ ಹತ್ತುವ ಸನ್ನಿವೇಶಗಳು ಹೆಚ್ಚಾಗಿ ಒಬ್ಬ ಪುಟ್ಟ ಹುಡುಗಿಯ ಜೊತೆ ಬರುತ್ತವೆ. ಆ ಹುಡುಗಿ ಸೋಫಿಯಾ ಒತೇರೊ. ಒಂದು ವರ್ಷ ಹಿಂದೆ, 2023ರಲ್ಲಿ, ಬರ್ಲಿನ್ ಚಿತ್ರೋತ್ಸವದಲ್ಲಿ ಮುಖ್ಯ ಪಾತ್ರದ ಅಭಿನಯಕ್ಕೆ ಅವಳಿಗೆ ಬೆಳ್ಳಿ ಕರಡಿ ಸಿಕ್ಕಿತ್ತು. ಆಗ ಅವಳ ವಯಸ್ಸು 9. ಅಷ್ಟು ಚಿಕ್ಕವರಿಗೆ ಅಲ್ಲಿ ಆ ಪ್ರಶಸ್ತಿ ಹಿಂದೆಂದೂ ಬಂದಿರಲಿಲ್ಲ. ವೇದಿಕೆ ಮೇಲೆ ಅತ್ತುಬಿಟ್ಟಿದ್ದಳು.

ಅದೇ ಸಿನಿಮಾಕ್ಕೆ ಗೋಯಾದಲ್ಲಿ 15 ನಾಮನಿರ್ದೇಶನ ಬಂತು. ಅದರಲ್ಲಿ ಸೋಫಿಯಾ ಹೆಸರು ಇರಲಿಲ್ಲ. ಮರೆತು ಬಿಟ್ಟಿದ್ದಲ್ಲ, ಮತ ಕಡಿಮೆ ಬಿತ್ತು ಅಂತಲೂ ಅಲ್ಲ. 16 ವರ್ಷ ತುಂಬದವರು ಗೋಯಾದ ನಟನೆ ವಿಭಾಗಗಳಲ್ಲಿ ಸ್ಪರ್ಧಿಸುವಂತಿಲ್ಲ ಎಂಬ ನಿಯಮ ಇದೆ.

ಮಕ್ಕಳನ್ನು ಕಾಪಾಡಬೇಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಈ ನಿಯಮ ನಿಜವಾಗಿ ಕಾಪಾಡುತ್ತಾ? ಇದಕ್ಕೆ ಉತ್ತರ ಹುಡುಕಲು ಆನಾ ಟೊರೆಂಟ್ ಅವರ ಬದುಕಿಗಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಸ್ಪೇನ್‌ನಲ್ಲಿ ಬಾಲನಟರಾಗಿ ಶುರು ಮಾಡಿದವರು ಎಷ್ಟೋ ಜನ. ಐವತ್ತು ವರ್ಷ ಕ್ಯಾಮೆರಾ ಮುಂದೆ ಉಳಿದವರು ತೀರಾ ಕಡಿಮೆ.

ಆನಾ ಹುಟ್ಟಿದ್ದು 1966ರಲ್ಲಿ, ಮ್ಯಾಡ್ರಿಡ್‌ನಲ್ಲಿ. ನಿರ್ದೇಶಕ ವಿಕ್ಟರ್ ಎರಿಸೆ ತಮ್ಮ ಮೊದಲ ಪೂರ್ಣ ಸಿನಿಮಾಕ್ಕಾಗಿ ಶಾಲೆಗಳಲ್ಲಿ ಮಕ್ಕಳನ್ನು ನೋಡುತ್ತಿದ್ದರು. ಅವಳನ್ನು ಕಂಡಾಗ, ಫ್ರಾಂಕೆನ್‌ಸ್ಟೈನ್ ಯಾರು ಗೊತ್ತಾ ಅಂತ ಕೇಳಿದರಂತೆ. ಗೊತ್ತು, ಆದರೆ ಇನ್ನೂ ಯಾರೂ ಪರಿಚಯ ಮಾಡಿಸಿಲ್ಲ ಅಂದಳಂತೆ ಹುಡುಗಿ. ನನ್ನ ಮಟ್ಟಿಗೆ ಅವರ ಇಡೀ ವೃತ್ತಿಯ ಬೀಜ ಈ ಒಂದು ಉತ್ತರದಲ್ಲಿದೆ. ಕತೆಯ ರಾಕ್ಷಸನನ್ನೂ ಪಕ್ಕದ ಬೀದಿಯವನ ಹಾಗೆ ಗಂಭೀರವಾಗಿ ತೆಗೆದುಕೊಳ್ಳುವ ಮಗು ಅದು.

ಸಿನಿಮಾ 'ಎಲ್ ಎಸ್ಪಿರಿತು ದೆ ಲಾ ಕೊಲ್ಮೆನಾ', ಅಂದರೆ 'ಜೇನುಗೂಡಿನ ಆತ್ಮ'. ಸೆಗೋವಿಯಾ ಪ್ರಾಂತ್ಯದ ಒಯುಯೆಲೋಸ್ ಎಂಬ ಹಳ್ಳಿಯಲ್ಲಿ ಶೂಟಿಂಗ್. ಕತೆ ನಡೆಯುವುದು 1940ರ ಸುಮಾರಿಗೆ. ಅಂತರ್ಯುದ್ಧ ಆಗಷ್ಟೇ ಮುಗಿದಿದೆ, ಊರು ಮಾತು ಕಳೆದುಕೊಂಡಿದೆ. ಟೂರಿಂಗ್ ಟಾಕೀಸ್‌ನವರು ಲಾರಿಯಲ್ಲಿ 1931ರ ಫ್ರಾಂಕೆನ್‌ಸ್ಟೈನ್ ಸಿನಿಮಾ ತರುತ್ತಾರೆ. ಊರಿನ ಮಕ್ಕಳು ಮನೆಯಿಂದ ಕುರ್ಚಿ ಹೊತ್ತು ತಂದು ಕೂತು ನೋಡುತ್ತಾರೆ. ಅದರಲ್ಲಿ ಒಬ್ಬಳಿಗೆ ಆ ರಾಕ್ಷಸ ಮನಸ್ಸಲ್ಲೇ ಉಳಿದುಬಿಡುತ್ತಾನೆ. ಅವನು ಪರದೆ ಮೇಲಿನ ಆ ಪುಟ್ಟ ಹುಡುಗಿಯನ್ನು ಯಾಕೆ ಕೊಂದ? ಆಮೇಲೆ ಅವನನ್ನು ಯಾಕೆ ಕೊಂದರು? ಉಳಿದ ಸಿನಿಮಾ ಪೂರ್ತಿ ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋಗುತ್ತದೆ.

ಶೂಟಿಂಗ್ ಶುರುವಾದಾಗ ಒಂದು ತೊಂದರೆ ಬಂತು. ಸೆಟ್‌ನಲ್ಲಿ ಜನರನ್ನು ಒಂದು ಹೆಸರಿಂದ, ಕ್ಯಾಮೆರಾ ಓಡುವಾಗ ಇನ್ನೊಂದು ಹೆಸರಿಂದ ಕರೆಯುವುದು ಪುಟ್ಟ ಆನಾಗೆ ಅರ್ಥವೇ ಆಗಲಿಲ್ಲ. ಎರಿಸೆ ಏನು ಮಾಡಿದರು ಗೊತ್ತಾ? ಪಾತ್ರಗಳ ಹೆಸರನ್ನೇ ಬದಲಿಸಿದರು. ಆನಾ ಆನಾಳೇ ಆದಳು. ಅಕ್ಕನಾಗಿ ನಟಿಸಿದ ಇಸಬೆಲ್ ತೆಯೇರಿಯಾ ಇಸಬೆಲ್ ಆದಳು. ತಂದೆಯ ಪಾತ್ರದ ಫರ್ನಾಂಡೊ ಫರ್ನಾನ್ ಗೋಮೆಸ್, ತಾಯಿಯ ಪಾತ್ರದ ತೆರೆಸಾ ಹಿಂಪೆರಾ ಕೂಡ ತಮ್ಮ ತಮ್ಮ ಹೆಸರಲ್ಲೇ ನಟಿಸಿದರು. ಒಂದು ಮಗುವಿಗೆ ಗೊಂದಲ ಆಗಬಾರದು ಅಂತ ಹೆಸರಾಂತ ದೊಡ್ಡ ನಟರೇ ತಮ್ಮ ಪಾತ್ರದ ಹೆಸರು ಬಿಟ್ಟುಕೊಟ್ಟರು. ಈ ಸಣ್ಣ ಸಂಗತಿಯನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಸಿನಿಮಾದಲ್ಲಿ ನನ್ನನ್ನು ಕಾಡುವ ಇನ್ನೊಂದು ವಿಷಯವೂ ಇದೆ. ಹಳ್ಳಿಯ ಮಕ್ಕಳು ಫ್ರಾಂಕೆನ್‌ಸ್ಟೈನ್ ನೋಡುವ ದೃಶ್ಯ ನಾಟಕವಲ್ಲ. ಅಲ್ಲಿ ನಿಜವಾಗಿಯೂ ಪರದೆ ಮೇಲೆ ಆ ಸಿನಿಮಾ ಓಡುತ್ತಿತ್ತು. ಆನಾ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ರಾಕ್ಷಸ ನೀರಿನ ಬಳಿ ಕೂತ ಹುಡುಗಿಯ ಹತ್ತಿರ ಬಂದಾಗ ಆನಾ ಮುಖದಲ್ಲಿ ಮೂಡುವ ಭಯ, ಬೆರಗು, ಸ್ವಲ್ಪವೇ ತೆರೆದ ಬಾಯಿ, ಎಲ್ಲವೂ ನಿಜ. ಅದನ್ನು ಕ್ಯಾಮೆರಾ ಕೈಯಲ್ಲಿ ಹಿಡಿದು ಸೆರೆಹಿಡಿದರು. ತಾನು ಚಿತ್ರೀಕರಿಸಿದ್ದರಲ್ಲೆಲ್ಲ ಅತಿ ಮುಖ್ಯ ಕ್ಷಣ ಅದು ಎಂಬ ಅರ್ಥದಲ್ಲಿ ಎರಿಸೆ ಮಾತಾಡಿದ್ದಾರೆ. ಸಿನಿಮಾ ಪ್ರೀತಿಸುವ ಯಾರಿಗೂ ಆ ಮುಖ ಮರೆಯುವುದಿಲ್ಲ. ನನಗೂ ಅಷ್ಟೇ.

ಆದರೂ ಕೇಳಲೇಬೇಕು: ಅದು ನಟನೆಯಾ? ಆರು ವರ್ಷದ ಮಗುವಿನ ನಿಜವಾದ ಭಯವನ್ನು ನಾವು ಕಲೆ ಅಂತ ಕರೆದು ಐವತ್ತು ವರ್ಷದಿಂದ ಮೆಚ್ಚುತ್ತಾ ಬಂದಿದ್ದೇವೆ. ಅದಕ್ಕೆ ಆ ಮಗುವಿನ ಒಪ್ಪಿಗೆ ಇತ್ತಾ? ಆರನೇ ವಯಸ್ಸಿನಲ್ಲಿ ಒಪ್ಪಿಗೆ ಅಂದರೇನು? ಆನಾ ಅವರ ವಿಷಯದಲ್ಲಿ ಇದು ಗಾಯವಾಗಿ ಉಳಿದಂತೆ ಕಾಣುವುದಿಲ್ಲ. ಹಾಗಿದ್ದಿದ್ದರೆ ಐವತ್ತು ವರ್ಷದ ಮೇಲೆ ಅದೇ ನಿರ್ದೇಶಕರ ಸಿನಿಮಾದಲ್ಲಿ ಮತ್ತೆ ನಟಿಸುತ್ತಿರಲಿಲ್ಲ. ಆದರೆ ಒಬ್ಬರಿಗೆ ಆಗಲಿಲ್ಲ ಅಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ, ಅಲ್ವಾ?

1973ರಲ್ಲಿ ಸಿನಿಮಾ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಚಿನ್ನದ ಚಿಪ್ಪು ಪ್ರಶಸ್ತಿ ಗೆದ್ದಿತು. ಮೂರು ವರ್ಷದ ನಂತರ ಕಾರ್ಲೋಸ್ ಸೌರಾ ಅವರ 'ಕ್ರೀಯಾ ಕ್ವೆರ್ವೋಸ್' ಬಂತು. ಕಾಗೆ ಸಾಕಿದರೆ ಅವು ನಿನ್ನ ಕಣ್ಣೇ ಕುಕ್ಕುತ್ತವೆ ಎಂಬ ಸ್ಪ್ಯಾನಿಷ್ ಗಾದೆಯ ಮೊದಲ ಎರಡು ಪದ ಈ ಹೆಸರು. ನಮ್ಮಲ್ಲಿ ಹಾವಿಗೆ ಹಾಲೆರೆಯುವುದು ಅನ್ನುತ್ತೇವಲ್ಲ, ಹಾಗೆ. ಇಲ್ಲೂ ಪಾತ್ರದ ಹೆಸರು ಆನಾ. ಸೇನಾಧಿಕಾರಿ ಅಪ್ಪ ಸತ್ತಿದ್ದಾನೆ. ತಾನು ಕೊಟ್ಟ ಪುಡಿಯಿಂದಲೇ ಸತ್ತ ಅಂತ ಮಗಳು ನಂಬಿದ್ದಾಳೆ. ತೀರಿಹೋದ ಅಮ್ಮ ಆಗಾಗ ಅವಳಿಗೆ ಕಾಣಿಸಿಕೊಳ್ಳುತ್ತಾಳೆ. ಅಮ್ಮನ ಪಾತ್ರದಲ್ಲಿ ಜೆರಾಲ್ಡಿನ್ ಚಾಪ್ಲಿನ್. ಸಿನಿಮಾ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆಯಿತು.

ಇದರ ಶೂಟಿಂಗ್ ನಡೆದದ್ದು 1975ರಲ್ಲಿ. ಆ ವರ್ಷದ ನವೆಂಬರ್ 20ರಂದು ಸರ್ವಾಧಿಕಾರಿ ಫ್ರಾಂಕೊ ತೀರಿಕೊಂಡ. ಎರಡೂ ಸಿನಿಮಾಗಳಲ್ಲಿ ಹುಡುಗಿ ಮಾಡುವ ಮುಖ್ಯ ಕೆಲಸ ಒಂದೇ, ನೋಡುವುದು. ದೊಡ್ಡವರು ಹೇಳದೆ ನುಂಗಿಕೊಂಡಿದ್ದನ್ನು ಆ ಎರಡು ಕಪ್ಪು ಕಣ್ಣುಗಳು ರೆಪ್ಪೆ ಬಡಿಯದೆ ನೋಡುತ್ತವೆ. ಸೆನ್ಸಾರ್ ಕತ್ತರಿಯ ಕಾಲದಲ್ಲಿ ದೊಡ್ಡವರ ಬಾಯಿಂದ ಬರಲಾಗದ ಪ್ರಶ್ನೆಯನ್ನು ಮಗುವಿನ ಕಣ್ಣಿಗೆ ಒಪ್ಪಿಸಿದರು ಆ ನಿರ್ದೇಶಕರು.

ಅದಕ್ಕೂ ಹದಿನೈದು ವರ್ಷ ಹಿಂದೆ ಸ್ಪೇನ್‌ನಲ್ಲಿ ಇನ್ನೊಂದು ಮಗು ಇತ್ತು. ಅವಳ ಕೆಲಸ ನೋಡುವುದಲ್ಲ, ಹಾಡಿ ಕುಣಿದು ನಗುವುದು. ಹೆಸರು ಮಾರಿಸೋಲ್. ಅಂದರೆ ಜನ ಹಾಗೆ ಕರೆಯುತ್ತಿದ್ದರು. ಮಲಾಗಾ ಊರಿನ ಬಡ ಕುಟುಂಬದ ಆ ಹುಡುಗಿಯ ನಿಜವಾದ ಹೆಸರು ಪೆಪಾ ಫ್ಲೋರೆಸ್. 1948ರಲ್ಲಿ ಹುಟ್ಟಿದವಳು. 1959ರಲ್ಲಿ ಹಾಡು ಕುಣಿತದ ತಂಡದ ಜೊತೆ ಮ್ಯಾಡ್ರಿಡ್‌ಗೆ ಬಂದಾಗ ಮನುಯೆಲ್ ಗೋಯಾನೆಸ್ ಎಂಬ ನಿರ್ಮಾಪಕರ ಕಣ್ಣಿಗೆ ಬಿದ್ದಳು. ಹೆಸರು ಬದಲಾಯಿತು. ಕೂದಲಿಗೆ ಹೊಂಬಣ್ಣ ಹಚ್ಚಿದರು. ಸ್ವಂತ ಮನೆ ಬಿಟ್ಟು ನಿರ್ಮಾಪಕರ ಮನೆಯಲ್ಲೇ ಬೆಳೆದಳು. 1960ರಲ್ಲಿ ಮೊದಲ ಸಿನಿಮಾ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಬರುತ್ತಲೇ ಹೋದವು. ಅಂಗಡಿಗಳಲ್ಲಿ ಮಾರಿಸೋಲ್ ಗೊಂಬೆ ಮಾರಾಟಕ್ಕೆ ಬಂತು. ಬಡತನ, ಭಯ ತುಂಬಿದ ದೇಶಕ್ಕೆ ಸದಾ ನಗುವ ಮಗು ಬೇಕಿತ್ತು. ಆ ನಗು ಒದಗಿಸುವ ಕೆಲಸ ಒಂದು ಹುಡುಗಿಯ ತಲೆಗೆ ಬಿತ್ತು.

ದೊಡ್ಡವಳಾದ ಮೇಲೆ ಪೆಪಾ ಸುಮ್ನೆ ಕೂರಲಿಲ್ಲ. 1977ರ ಒಂದು ಸಿನಿಮಾದ ಅಭಿನಯಕ್ಕೆ ಕಾರ್ಲೊವಿ ವಾರಿ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿಯಾದರು. ಅಂದರೆ ಪ್ರತಿಭೆಗೆ ಏನೂ ಕೊರತೆ ಇರಲಿಲ್ಲ. ಆದರೂ 1985ರ ಹೊತ್ತಿಗೆ, ಇನ್ನೂ ನಲವತ್ತು ತುಂಬುವ ಮೊದಲೇ, ಸಿನಿಮಾ, ಸಂದರ್ಶನ, ವೇದಿಕೆ ಎಲ್ಲ ಬಿಟ್ಟು ಮಲಾಗಾಕ್ಕೆ ಹೋಗಿ ನೆಲೆಸಿದರು. 2020ರಲ್ಲಿ, ಗೋಯಾ ಕೊಡುವ ಸ್ಪೇನ್‌ನ ಸಿನಿಮಾ ಅಕಾಡೆಮಿ ಅವರಿಗೆ ಗೌರವ ಗೋಯಾ ಕೊಟ್ಟಿತು. ಸಮಾರಂಭ ನಡೆದದ್ದು ಅವರದೇ ಊರಲ್ಲಿ. ಆದರೂ ಅವರು ಬರಲಿಲ್ಲ, ಹೆಣ್ಣುಮಕ್ಕಳು ಬಂದು ಸ್ವೀಕರಿಸಿದರು. ಆ ಗೈರುಹಾಜರಿಯನ್ನು ನಾನು ಗೌರವದಿಂದ ನೋಡುತ್ತೇನೆ. ಹೆಸರನ್ನು ಬೇರೆಯವರ ಕೈಗೆ ಕೊಟ್ಟ ಮಗುವಿಗೆ ಅದನ್ನು ವಾಪಸ್ ಪಡೆಯಲು ಅರ್ಧ ಬದುಕಿನ ಮೌನ ಬೇಕಾಯಿತು.

ಅವರಿಗೂ ಮುಂಚೆ ಪಾಬ್ಲಿತೊ ಕಾಲ್ವೊ ಇದ್ದ. 1955ರ 'ಮಾರ್ಸೆಲಿನೊ ಪಾನ್ ಇ ವಿನೊ' ಸಿನಿಮಾದ ಅನಾಥ ಹುಡುಗ. ಹದಿಹರೆಯದಲ್ಲೇ ಸಿನಿಮಾ ಬಿಟ್ಟು ಎಂಜಿನಿಯರಿಂಗ್ ಓದಿದ. ಹೋಸೆಲಿತೊ ಎಂಬ ಹಾಡುವ ಹುಡುಗನ ಯುಗ ಧ್ವನಿ ಒಡೆಯುವ ಹೊತ್ತಿಗೆ ಮುಗಿಯಿತು. ಈ ಎರಡೂ ಹೆಸರಿನ ಕೊನೆಯಲ್ಲಿರುವ 'ಇತೊ' ಅಂದರೆ ಪುಟ್ಟ. ಹೆಸರಲ್ಲೇ ಪುಟ್ಟ ಅಂತ ಸೇರಿಸಿ ಮಾರಿದ ಮೇಲೆ ಬೆಳೆಯುವುದೇ ತಪ್ಪಾಗುತ್ತದೆ.

ಹಾಗಾದರೆ ಆನಾ ಹೇಗೆ ಉಳಿದರು? ಕಣ್ಣು, ಪ್ರತಿಭೆ ಎಲ್ಲ ಸರಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಬಾಲ್ಯದಲ್ಲಿ ಅವರು ಮಾಡಿದ ಸಿನಿಮಾಗಳು ಬೆರಳೆಣಿಕೆಯಷ್ಟು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದರಿಂದ ಮೂರು ವರ್ಷದ ಬಿಡುವು. ಮಾರಿಸೋಲ್ ಹಾಗೆ ಸರಕಾಗಲಿಲ್ಲ. ಸೌರಾ, ಎರಿಸೆ ಇಬ್ಬರಿಗೂ ಅವರಿಂದ ಮುದ್ದುತನ ಬೇಕಿರಲಿಲ್ಲ, ಹಾಡು ಬೇಕಿರಲಿಲ್ಲ. ಮುದ್ದುತನಕ್ಕೆ ಆಯಸ್ಸು ಕಡಿಮೆ, ನೋಟಕ್ಕೆ ಹಾಗಲ್ಲ. ಮತ್ತೆ, ಅವರ ಹೆಸರು ಅವರದ್ದೇ ಆಗಿ ಉಳಿಯಿತು.

1980ರಲ್ಲಿ 'ಎಲ್ ನಿದೊ' ಬಂತು. ವಯಸ್ಸಾದ ವಿಧುರ ಮತ್ತು ಹದಿಮೂರರ ಹುಡುಗಿಯ ನಡುವಿನ ವಿಚಿತ್ರ ನಂಟಿನ ಕತೆ. ಆಸ್ಕರ್ ವಿದೇಶಿ ಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಮಾಂಟ್ರಿಯಲ್ ಚಿತ್ರೋತ್ಸವದಲ್ಲಿ ಆನಾ ಅತ್ಯುತ್ತಮ ನಟಿಯಾದರು. ಇವತ್ತು ಹದಿಮೂರು ಹದಿನಾಲ್ಕರ ಹುಡುಗಿಯನ್ನು ಅಂಥ ಪಾತ್ರಕ್ಕೆ ಹಾಕುವ ಮೊದಲು ಎಷ್ಟು ಜನ ಎಷ್ಟು ಸಲ ಯೋಚಿಸಬೇಕು ಅಂತ ನೋಡುವಾಗ ನನಗೆ ಅನ್ನಿಸುತ್ತದೆ.

ಆಮೇಲೆ ದೊಡ್ಡ ಸದ್ದಿಲ್ಲದ ವರ್ಷಗಳು. ಬಾಲನಟರ ಬದುಕಲ್ಲಿ ಇದು ಬಂದೇ ಬರುತ್ತದೆ. ಜನರ ನೆನಪಲ್ಲಿ ಹಳೆಯ ಮುಖ ಇರುತ್ತದೆ, ಕನ್ನಡಿಯಲ್ಲಿ ಬೇರೆ ಮುಖ. ಹೂಲಿಯೊ ಮೆದೆಮ್ ಅವರ 1992ರ 'ವಾಕಾಸ್' ಸಿನಿಮಾದಲ್ಲಿ ಕಾಣಿಸಿಕೊಂಡರು. ನಿಜವಾದ ತಿರುವು 1996ರ 'ತೆಸಿಸ್'. ನಿರ್ದೇಶಕ ಅಲೆಹಾಂದ್ರೊ ಅಮೆನಾಬರ್ ಹುಟ್ಟಿದ್ದು 1972ರಲ್ಲಿ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಇದು ಅವರ ಮೊದಲ ಪೂರ್ಣ ಸಿನಿಮಾ. ಮ್ಯಾಡ್ರಿಡ್‌ನ ಕಂಪ್ಲುತೆನ್ಸೆ ವಿಶ್ವವಿದ್ಯಾಲಯದ ಕಾರಿಡಾರ್‌ಗಳಲ್ಲಿ ಕತೆ ನಡೆಯುತ್ತದೆ. ತೆರೆಯ ಮೇಲಿನ ಹಿಂಸೆಯ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿನಿಗೆ, ನಿಜವಾದ ಕೊಲೆ ಚಿತ್ರೀಕರಿಸಿದ ವಿಡಿಯೋ ಒಂದು ಸಿಗುತ್ತದೆ.

ಮೊದಲ ದೃಶ್ಯದಲ್ಲೇ ರೈಲು ನಿಂತಿದೆ, ಹಳಿ ಮೇಲೆ ಯಾರೋ ಸತ್ತಿದ್ದಾರೆ. ನೋಡಬೇಡಿ ಅನ್ನುತ್ತಾರೆ. ಆ ಹುಡುಗಿ ಮಾತ್ರ ನೋಡಬೇಕು ಅಂತ ಕತ್ತು ಚಾಚುತ್ತಾಳೆ. ಫ್ರಾಂಕೆನ್‌ಸ್ಟೈನ್ ನೋಡುತ್ತಾ ಕೂತಿದ್ದ ಅದೇ ಮಗು ಇಲ್ಲಿ ಬೆಳೆದು ನಿಂತಿದೆ ಅನ್ನಿಸುತ್ತದೆ ನನಗೆ. ಹಳೆಯ ಕಣ್ಣುಗಳ ಬಗ್ಗೆಯೇ ಹೊಸ ಸಿನಿಮಾ. 'ತೆಸಿಸ್' 7 ಗೋಯಾ ಗೆದ್ದಿತು. ಆನಾ ಅವರದ್ದು ನಾಮನಿರ್ದೇಶನಕ್ಕೇ ನಿಂತಿತು. ಆಮೇಲೆ 2000ದ 'ಯೋಯೆಸ್'ನಲ್ಲಿ, ಉತ್ತರ ಸ್ಪೇನ್‌ನ ಬಾಸ್ಕ್ ನಾಡಿನ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದಿದ್ದ ಇಟಿಎ ಸಂಘಟನೆ ತೊರೆದು ಅದೇ ಸಂಘಟನೆಯ ಗುಂಡಿಗೆ ಬಲಿಯಾದ ಮಹಿಳೆಯಾದರು. 2008ರಲ್ಲಿ ಇಂಗ್ಲಿಷ್ ಸಿನಿಮಾವೊಂದರಲ್ಲಿ ಆರಗಾನ್‌ನ ಕ್ಯಾಥರೀನ್ ರಾಣಿಯಾದರು.

ಈಗ ಗೋಯಾದ ನಿಯಮಕ್ಕೆ ಬರೋಣ. ಗೋಯಾ ಶುರುವಾದದ್ದು 1987ರಲ್ಲಿ. ಹಾಗಾಗಿ ಬಾಲನಟಿ ಆನಾಗೆ ಅದು ಸಿಗುವ ಪ್ರಶ್ನೆಯೇ ಇರಲಿಲ್ಲ. ಮುಂದೆ ಹೊಸ ನಟ, ಹೊಸ ನಟಿ ಎಂಬ ವಿಭಾಗಗಳು ಬಂದವು. ಅಲ್ಲಿ ಮಕ್ಕಳು ಗೆಲ್ಲತೊಡಗಿದರು. 'ಎಲ್ ಬೋಲಾ' ಚಿತ್ರದ ಹ್ವಾನ್ ಹೋಸೆ ಬಯೆಸ್ತಾ 2001ರಲ್ಲಿ ಗೆದ್ದ. 2007ರಲ್ಲಿ ಇವಾನಾ ಬಾಕೆರೊ, 2009ರಲ್ಲಿ ನೆರೆಯಾ ಕಮಾಚೊ, ಇಬ್ಬರಿಗೂ ಆಗ 12 ವರ್ಷ. 2011ರಲ್ಲಿ 'ಪಾ ನೆಗ್ರೆ' ಎಂಬ ಕ್ಯಾಟಲನ್ ಸಿನಿಮಾದ ಫ್ರಾನ್ಸೆಸ್ಕ್ ಕೊಲೊಮೆರ್ ಮತ್ತು ಮರೀನಾ ಕೋಮಸ್ ಇಬ್ಬರೂ ಗೆದ್ದರು. ಹೊಸ ನಟ, ಹೊಸ ನಟಿ ಎರಡೂ ಮಕ್ಕಳ ಪಾಲಾಯಿತು. ಅದರ ಬೆನ್ನಿಗೇ 16ರ ಗೆರೆ ಬಂತು.

ಆ ಗೆರೆಯ ಹೊರಗೆ ಉಳಿದವಳು ಸೋಫಿಯಾ ಒಬ್ಬಳೇ ಅಲ್ಲ. ಕಾರ್ಲಾ ಸಿಮೊನ್ ಅವರ 2017ರ ಮೊದಲ ಸಿನಿಮಾ ನಿಂತದ್ದೇ ಲಾಯಾ ಆರ್ತಿಗಾಸ್ ಎಂಬ ಪುಟ್ಟ ಹುಡುಗಿಯ ಮೇಲೆ. 'ಲಾಸ್ ನಿನ್ಯಾಸ್' 2021ರಲ್ಲಿ ಅತ್ಯುತ್ತಮ ಚಿತ್ರವಾಯಿತು. ಅದನ್ನು ಹೊತ್ತಿದ್ದ ಆಂದ್ರೆಯಾ ಫಾಂದೋಸ್ ಸ್ಪರ್ಧೆಗೇ ಬರುವಂತಿರಲಿಲ್ಲ.

ನಿಯಮದ ಪರವಾಗಿ ಹೇಳುವ ಮಾತುಗಳಲ್ಲಿ ತಿರುಳಿದೆ. ಸ್ಪೇನ್ ಕಾನೂನಿನ ಪ್ರಕಾರ 16 ತುಂಬದವರು ಕೆಲಸ ಮಾಡುವಂತಿಲ್ಲ. ಸಾರ್ವಜನಿಕ ಪ್ರದರ್ಶನಗಳಿಗೆ ಮಾತ್ರ ವಿನಾಯಿತಿ. ಅದಕ್ಕೂ ಕಾರ್ಮಿಕ ಇಲಾಖೆಯ ಲಿಖಿತ ಅನುಮತಿ ಬೇಕು. ಮಗುವಿನ ಆರೋಗ್ಯಕ್ಕೆ, ಓದು ಬೆಳವಣಿಗೆಗೆ ತೊಂದರೆ ಇಲ್ಲ ಅಂತ ಖಾತ್ರಿಯಾಗಬೇಕು. ಹಾಗಿರುವಾಗ ಮಗುವಿನ ಅಭಿನಯವನ್ನು ವೃತ್ತಿಪರರ ಸಾಲಲ್ಲಿ ಯಾಕೆ ನಿಲ್ಲಿಸಬೇಕು ಅಂತ ಕೇಳಬಹುದು. ಸೋತ ಮಗು ಕ್ಯಾಮೆರಾಗಳ ಮುಂದೆ ಅಳುವುದನ್ನು ಯಾರು ನೋಡಲು ಬಯಸುತ್ತಾರೆ? ಫ್ರಾಂಕೆನ್‌ಸ್ಟೈನ್ ದೃಶ್ಯದ ಪ್ರಶ್ನೆಯೂ ಇಲ್ಲಿದೆ. ಅದು ಮಗುವಿನ ಕಲೆಯಾ, ನಿರ್ದೇಶಕರ ಕಲೆಯಾ?

ಆದರೆ ನನಗೆ ಒಪ್ಪಲಾಗದ್ದು ಒಂದಿದೆ. ವಾರಗಟ್ಟಲೆ ಶೂಟಿಂಗ್‌ಗೆ ಮಗು ಬೇಕು. ಪೋಸ್ಟರ್‌ಗೆ ಮಗುವಿನ ಮುಖ ಬೇಕು. ಚಿತ್ರೋತ್ಸವದ ಕೆಂಪು ಹಾಸಿನ ಮೇಲೆ ಮಗು ಬೇಕು. ಕೊನೆಗೆ, ಈ ಕೆಲಸ ನಿನ್ನದು ಅಂತ ಹೆಸರು ಹೇಳುವಾಗ ಮಾತ್ರ ನೀನಿನ್ನೂ ಚಿಕ್ಕವಳು ಅನ್ನುವುದು ಸರಿಯಲ್ಲ. ಪ್ರಶಸ್ತಿ ಮಗುವಿಗೆ ಹಾನಿ ಮಾಡುತ್ತದೆ ಎಂಬುದಕ್ಕೂ ಈ ಸಾಲಿನಲ್ಲಿ ಪುರಾವೆ ಕಾಣುವುದಿಲ್ಲ. ಬಯೆಸ್ತಾ ಗೋಯಾ ಗೆದ್ದ ನಾಲ್ಕು ವರ್ಷದ ಮೇಲೆ ಸಾನ್ ಸೆಬಾಸ್ಟಿಯನ್‌ನಲ್ಲಿ ಅತ್ಯುತ್ತಮ ನಟನಾದ. ಇವಾನಾ ಬಾಕೆರೊ ಬೆಳೆದು ದೊಡ್ಡ ಟಿವಿ ಸರಣಿಗಳಲ್ಲಿ ನಟಿಸಿದರು. ಅತ್ತ ಪೆಪಾ ಫ್ಲೋರೆಸ್ ಅವರ ಬಾಲ್ಯವನ್ನು ಕಿತ್ತುಕೊಂಡದ್ದು ಯಾವುದೋ ಕಂಚಿನ ಪ್ರತಿಮೆಯಲ್ಲ. ವರ್ಷಕ್ಕೊಂದು ಸಿನಿಮಾ, ಬೇರೆಯವರ ಮನೆ, ಬೇರೆಯವರು ಇಟ್ಟ ಹೆಸರು.

ಕಾವಲು ಬೇಕಾದದ್ದು ಅಲ್ಲಿ, ಶೂಟಿಂಗ್ ಶುರುವಾಗುವ ಮೊದಲು. ವರ್ಷಕ್ಕೆ ಎಷ್ಟು ದಿನ ಕೆಲಸ? ಶಾಲೆ ಎಷ್ಟು ತಪ್ಪುತ್ತದೆ? ಸೆಟ್‌ನಲ್ಲಿ ಮಗು ಬೇಡ ಅಂದಾಗ ಯಾರ ಮಾತು ನಡೆಯುತ್ತದೆ? ದುಡ್ಡು ಎಲ್ಲಿಗೆ ಹೋಗುತ್ತದೆ? ಸ್ಪೇನ್‌ನ ನಾಗರಿಕ ಸಂಹಿತೆಯಲ್ಲಿ, 16 ದಾಟಿದವರು ದುಡಿದು ಗಳಿಸಿದ್ದನ್ನು ಅವರೇ ನೋಡಿಕೊಳ್ಳಬಹುದು. ಅದಕ್ಕಿಂತ ಚಿಕ್ಕವರ ಗಳಿಕೆಯನ್ನು ನೋಡಿಕೊಳ್ಳುವವರು ತಂದೆತಾಯಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ 15 ಶೇಕಡಾವನ್ನು ಅವರಿಗಾಗಿ ಪ್ರತ್ಯೇಕ ಎತ್ತಿಡಬೇಕು. ಆ ಕಾನೂನಿಗೆ ಕಾರಣನಾದವನು ಜಾಕಿ ಕೂಗನ್, ಚಾರ್ಲಿ ಚಾಪ್ಲಿನ್ ಜೊತೆ ನಟಿಸಿ ಹೆಸರಾದ ಹುಡುಗ. ದೊಡ್ಡವನಾದಾಗ ಅವನ ಗಳಿಕೆಯ ಬಹುಪಾಲನ್ನು ತಾಯಿ ಮತ್ತು ಮಲತಂದೆ ಖರ್ಚು ಮಾಡಿ ಮುಗಿಸಿದ್ದರು. 'ಕ್ರೀಯಾ ಕ್ವೆರ್ವೋಸ್'ನಲ್ಲಿ ಆನಾಗೆ ತಾಯಿಯಾದ ಜೆರಾಲ್ಡಿನ್, ಅದೇ ಚಾಪ್ಲಿನ್ ಅವರ ಮಗಳು.

ಸೋಫಿಯಾ ಗೆದ್ದ ಸಿನಿಮಾದ ಕತೆಯೂ ಹೆಸರಿನದ್ದೇ. ಎಂಟು ವರ್ಷದ ಮಗು. ಮನೆಯವರು ಹುಟ್ಟಿದಾಗ ಇಟ್ಟ ಗಂಡು ಹೆಸರು ಆ ಮಗುವಿಗೆ ತನ್ನದು ಅನ್ನಿಸುವುದಿಲ್ಲ. ಬಾಸ್ಕ್ ನಾಡಿನ ಬೇಸಿಗೆಯಲ್ಲಿ, ಜೇನುಪೆಟ್ಟಿಗೆಗಳ ನಡುವೆ, ತನಗೆ ಒಪ್ಪುವ ಹೆಸರನ್ನು ತಾನೇ ಹುಡುಕಿಕೊಳ್ಳುತ್ತಾಳೆ. ಲೂಸಿಯಾ. ಆನಾಳ ಮೊದಲ ಸಿನಿಮಾದಲ್ಲೂ ಅಪ್ಪ ಜೇನು ಸಾಕುತ್ತಿದ್ದ. ಐವತ್ತು ವರ್ಷದ ಅಂತರದಲ್ಲಿ ಎರಡು ಜೇನುಗೂಡು, ಎರಡು ಹುಡುಗಿಯರು.

ಅದೇ 2023ರಲ್ಲಿ ಎರಿಸೆ ಅವರ 'ಸೆರ್ರಾರ್ ಲೋಸ್ ಓಹೋಸ್' ಕಾನ್‌ನಲ್ಲಿ ತೆರೆ ಕಂಡಿತು. ಹೆಸರಿನ ಅರ್ಥ 'ಕಣ್ಣು ಮುಚ್ಚುವುದು'. ಸಿನಿಮಾವೊಂದರ ಶೂಟಿಂಗ್ ನಡುವೆ ಕಾಣೆಯಾದ ನಟ, ವರ್ಷಗಳ ನಂತರ ಅವನನ್ನು ಹುಡುಕುವ ಗೆಳೆಯ. ಆ ನಟನ ಮಗಳು ಪ್ರಾದೊ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಾಳೆ. ಪಾತ್ರ ಮಾಡಿದ್ದು ಆನಾ ಟೊರೆಂಟ್. ಈ ವಯಸ್ಸಿನಲ್ಲಿ ಪಾತ್ರಕ್ಕೆ ಯಾವ ಹೆಸರಿಟ್ಟರೂ ಅವರಿಗೆ ಗೊಂದಲವಾಗುತ್ತಿರಲಿಲ್ಲ. ಎರಿಸೆ ಇಟ್ಟದ್ದು ಆನಾ ಅಂತಲೇ.

1973ರ ಸಿನಿಮಾದ ಕೊನೆಯಲ್ಲಿ ಪುಟ್ಟ ಹುಡುಗಿ ರಾತ್ರಿ ಕಿಟಕಿ ಬಳಿ ನಿಂತು, ಕಣ್ಣು ಮುಚ್ಚಿ, ಕಾಣದ ಆತ್ಮವನ್ನು ಕರೆಯುತ್ತಾಳೆ. 'ಸೋಯ್ ಆನಾ', ನಾನು ಆನಾ. 2023ರ ಸಿನಿಮಾದಲ್ಲಿ ತಂದೆ ಸಿಕ್ಕಿದ್ದಾನೆ, ಆದರೆ ಅವನಿಗೆ ನೆನಪು ಹೋಗಿದೆ, ಮಗಳ ಗುರುತಿಲ್ಲ. ಅವಳು ಅವನ ಕೋಣೆಗೆ ಬಂದು ಎದುರು ಕೂರುತ್ತಾಳೆ. ಸ್ವಲ್ಪ ಹೊತ್ತು ಅವನ ಮುಖ ನೋಡುತ್ತಾಳೆ. ಆಮೇಲೆ ಕಣ್ಣು ಮುಚ್ಚಿ ಅದೇ ಎರಡು ಪದ ಹೇಳುತ್ತಾಳೆ.